ಹಿಮ್ಮಡಿ ಮೇಲಿನ ನೋವು: ಎಷ್ಟು ಭಾರ, ಎಷ್ಟು ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಯ ಮೇಲ್ಭಾಗ ಹುರಿ ಬಿಗಿದಂತೆ ಸೆಟೆದುಕೊಂಡು, ಓಡಾಡಿದ ಮೇಲೆ ಸಡಿಲಾಗುವ ನೋವು ಓಟಗಾರರಿಗೆ ಚೆನ್ನಾಗಿ ಗೊತ್ತು. ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಇರುವುದು ಅಲ್ಲೇ. ರೆಸ್ಟ್ ಮಾಡಿದರೆ ನೋವು ಇಳಿಯುತ್ತದೆ, ನಿಜ. ಅಷ್ಟರಲ್ಲಿ ರಜ್ಜುವಿನ ತಾಳಿಕೆಯೂ ಇಳಿದಿರುತ್ತದೆ. ಮತ್ತೆ ಓಡಿದ ದಿನ ನೋವು ಹಾಜರು.

1998ರಲ್ಲಿ ಸ್ವೀಡನ್ನಿನ ಮೂಳೆ ಶಸ್ತ್ರವೈದ್ಯ ಆಲ್ಫ್ರೆಡ್‌ಸನ್ ಮತ್ತು ಸಂಗಡಿಗರು 15 ಮಂದಿ ಹವ್ಯಾಸಿ ಕ್ರೀಡಾಪಟುಗಳಿಗೆ ಒಂದು ವ್ಯಾಯಾಮ ಕೊಟ್ಟರು. ಮೆಟ್ಟಿಲಿನ ಅಂಚಿಗೆ ಮುಂಗಾಲು ಊರಿ, ನೋವಿಲ್ಲದ ಕಾಲಿನ ಬಲದಿಂದ ಮೇಲೇಳಬೇಕು. ನೋವಿರುವ ಕಾಲಿಗೆ ಪೂರ್ತಿ ಭಾರ ಬಿಟ್ಟು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮಂಡಿ ನೇರವಿಟ್ಟು 15 ಸಲದಂತೆ ಮೂರು ಸುತ್ತು, ಮಂಡಿ ಮಡಿಸಿ ಮೂರು ಸುತ್ತು. ದಿನಕ್ಕೆ ಎರಡು ಹೊತ್ತು, 12 ವಾರ. ಸಲೀಸಾದಾಗ ಬೆನ್ನಿನ ಚೀಲಕ್ಕೆ ತೂಕ ಸೇರಿಸುವುದು. 15 ಮಂದಿಯೂ ಓಟಕ್ಕೆ ಮರಳಿದರು.

ಮಂಡಿ ಮಡಿಸುವುದೇಕೆ? ಮೀನಖಂಡದ ಹೊರಗಿನ ಸ್ನಾಯು ಮಂಡಿಯನ್ನು ದಾಟಿ ತೊಡೆಮೂಳೆಗೆ ಅಂಟಿದೆ. ಮಡಿಸಿದಾಗ ಅದು ಸಡಿಲಾಗಿ, ಹೆಚ್ಚಿನ ಕೆಲಸ ಒಳಗಿನ ಸೋಲಿಯಸ್ ಸ್ನಾಯುವಿಗೆ ಬೀಳುತ್ತದೆ.

ಆದರೆ ದಿನಕ್ಕೆ 180 ಸಲ! ಕೆಲಸಕ್ಕೆ ಹೋಗುವವರು ಎರಡೇ ವಾರದಲ್ಲಿ ಕೈಬಿಡುತ್ತಾರೆ, ಇಲ್ಲವೇ ಸರಸರನೆ ಮುಗಿಸಿಬಿಡುತ್ತಾರೆ. 2015ರ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ವಾರಕ್ಕೆ ಮೂರೇ ದಿನ ಹೆಚ್ಚು ತೂಕವಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಏರಿಳಿಸಿದವರಿಗೂ ಅಷ್ಟೇ ಗುಣ ಕಂಡಿತು. ಕೆಲಸಕ್ಕೆ ಹೋಗುವವರಿಗೆ ಇದೇ ಮೇಲು.

ನನ್ನ ಲೆಕ್ಕದಲ್ಲಿ ಇವೆರಡಕ್ಕಿಂತ ಉಪಯೋಗಕ್ಕೆ ಬರುವುದು ಫಿಸಿಯೋಥೆರಪಿಸ್ಟ್ ಕರಿನ್ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ. 38 ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲ ಆರು ವಾರ ಓಟ, ಜಿಗಿತ ಬಂದ್. ಇನ್ನೊಂದು ಗುಂಪಿಗೆ ನೋವನ್ನು ಅಳೆಯುತ್ತಾ ಮುಂದುವರಿಸಲು ಅನುಮತಿ. ಓಡಿದವರಿಗೆ ಕೆಡುಕೇನೂ ಆಗಲಿಲ್ಲ. ಅಳತೆ ಹೀಗೆ: ಹತ್ತರಲ್ಲಿ ಐದರವರೆಗಿನ ನೋವು ನಡೆಯುತ್ತದೆ, ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ನೋವು, ಬಿಗಿತ ಏರಬಾರದು. ಹಾಗಾಗಿ ಫಿಸಿಯೋಥೆರಪಿ ವಿದ್ಯಾರ್ಥಿಗಳು ರೋಗಿಯನ್ನು "ಈಗ ನೋವಿದೆಯಾ?" ಎಂದಷ್ಟೇ ಕೇಳಿ ಸುಮ್ಮನಾದರೆ ಸಾಲದು, "ನಿನ್ನೆ ವ್ಯಾಯಾಮ ಮಾಡಿದ್ದಿರಲ್ಲ, ಇವತ್ತು ಬೆಳಿಗ್ಗೆ ಹೇಗಿತ್ತು?" ಎಂದೂ ಕೇಳಬೇಕು.

ನೋವು ರಜ್ಜುವಿನ ನಡುವೆ ಇಲ್ಲದೆ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲ ಕೆಳಗೆ ಇಳಿಸಬೇಡಿ. ಅಲ್ಲಿ ರಜ್ಜು ಮೂಳೆಗೆ ಒತ್ತಿ ನೋವು ಕೆರಳುತ್ತದೆ. ಸಮನೆಲದ ಮೇಲೆ ಮಾಡಿದರೆ ಸಾಕು.

ಚಟ್ಟೆಂದು ಸದ್ದಾಗಿ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಆಗ ವ್ಯಾಯಾಮ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ರಜ್ಜುವಿಗೆ ತೊಂದರೆ ಕೊಡಬಲ್ಲ ಸಿಪ್ರೊಫ್ಲಾಕ್ಸಸಿನ್ ಬಗೆಯ ಆಂಟಿಬಯೋಟಿಕ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ.