ವೈದ್ಯರ ಸಲಹೆಗೆ ವಿರುದ್ಧವಾಗಿ

ನಮಸ್ಕಾರ. ಇವತ್ತು ಸಾವಿನ ವಿಷಯ. ಊಟ ಮಾಡ್ತಾ ಕೇಳ್ತಿದ್ರೆ ಮೊದಲು ಊಟ ಮುಗಿಸಿ, ನಾನೇನೂ ಓಡಿಹೋಗಲ್ಲ.

ನಮ್ಮದು ಸೋಮವಾರಪೇಟೆ ಕಡೆ. ನಮ್ಮ ದೊಡ್ಡಪ್ಪನಿಗೆ ಮೆದುಳಲ್ಲಿ ರಕ್ತಸ್ರಾವ ಆಗಿ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ 11 ದಿನ ವೆಂಟಿಲೇಟರ್ ಹಾಕಿದ್ರು. 12ನೇ ದಿನ ಡಾಕ್ಟರು ನಮ್ಮಣ್ಣನ್ನ, ಅಂದ್ರೆ ದೊಡ್ಡಪ್ಪನ ಮಗನ್ನ, ಪಕ್ಕಕ್ಕೆ ಕರೆದರು. "ಇನ್ನು ಇಟ್ಕೊಂಡು ಪ್ರಯೋಜನ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದ್ರು. ಐದು ನಿಮಿಷಕ್ಕೆ ಒಂದು ಕಾಗದ ಬಂತು. "ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ", ಕೆಳಗೆ ಸೈನ್ ಹಾಕೋ ಜಾಗ. ಸಲಹೆ ಕೊಟ್ಟಿದ್ದೇ ವೈದ್ಯರಲ್ವಾ ಸ್ವಾಮಿ?

ಅಣ್ಣ ಸೈನ್ ಹಾಕಿದ್ರು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಅಷ್ಟು ದಾರಿಯೂ ಆಂಬ್ಯುಲೆನ್ಸ್ ಹುಡುಗ ಕೈಯಲ್ಲಿ ಬ್ಯಾಗ್ ಒತ್ತಿ ಒತ್ತಿ ಉಸಿರು ಕೊಡ್ತಾ ಬಂದ. ಮನೆಯಲ್ಲಿ ದೊಡ್ಡಮ್ಮ ತೀರ್ಥದ ಬಾಟ್ಲಿ ಹಿಡ್ಕೊಂಡು ಕಾಯ್ತಿದ್ರು. ಕೊಡಗಿನವರಿಗೆ ಇದು ಹೇಳಬೇಕಾಗಿಲ್ಲ: ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ಮನೆಯಲ್ಲಿ ಇಟ್ಟಿರೋದೇ ಆ ಕೊನೇ ಗುಟುಕಿಗೆ. ಎರಡು ಚಮಚ ಇಳೀತು. ಸಂಜೆಗೆ ದೊಡ್ಡಪ್ಪ ಹೋದ್ರು.

ಅಣ್ಣ ಇವತ್ತಿಗೂ ಹೇಳೋದು ಒಂದೇ ಮಾತು: "ಅಪ್ಪನ್ನ ನಾನೇ ಸೈನ್ ಹಾಕಿ ಕೊಂದೆ."

ನನ್ನ ತಕರಾರು ಇಲ್ಲೇ ಇರೋದು. ದಯಾಮರಣ ಬೇಕಾ ಬೇಡ್ವಾ ಅಂತ ಟಿವಿಯಲ್ಲಿ ಕೂತು ಕಿತ್ತಾಡ್ತಾರೆ. ಗುಣ ಆಗೋ ಆಸೆಯಿಲ್ಲದ ರೋಗಿಗೆ ಯಂತ್ರ ನಿಲ್ಲಿಸೋದನ್ನ ಕೋರ್ಟು ನಿಷ್ಕ್ರಿಯ ದಯಾಮರಣ ಅನ್ನುತ್ತೆ. ನಾವು ಮಾಡಿದ್ದು ಅದರ ಅಣ್ಣತಮ್ಮನೇ. ಕಾನೂನಿನ ದಾರಿ ಗೊತ್ತಿರಲಿಲ್ಲ, ಕಳ್ಳರ ಹಾಗೆ ಮಾಡಿದ್ವಿ, ಪಾಪ ಅಂತ ಹೊತ್ಕೊಂಡ್ವಿ.

ಆ ದಾರಿ ತೆರೆಸಿದವರು ನಮ್ಮವರೇ ಒಬ್ಬರು, ಅದೂ ಅವರಿಗೆ ಅರಿವೇ ಇಲ್ಲದೆ. ಹೊನ್ನಾವರ ಹತ್ತಿರದ ಹಳದೀಪುರದ ಅರುಣಾ ಶಾನಭಾಗ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ರು, 1973ರ ನವೆಂಬರ್‌ನಲ್ಲಿ ಅಲ್ಲಿನ ವಾರ್ಡ್‌ಬಾಯ್ ನಾಯಿ ಕಟ್ಟೋ ಚೈನಿನಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ವಿಷಯದಲ್ಲಿ ದಯಾಮರಣ ಒಪ್ಪಲಿಲ್ಲ. ನೋಡಿಕೊಳ್ತಿದ್ದ ನರ್ಸ್‌ಗಳೇ ಬೇಡ ಅಂದಿದ್ರು, ಆ ಪ್ರೀತಿಯನ್ನ ನಾನು ಹಗುರ ಮಾಡಲ್ಲ. ಆದರೆ ಬೇರೆಯವರಿಗೆ ಬಾಗಿಲು ತೆರೀತು. ಅರುಣಾ 2015ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ್ರು. ಹತ್ತಿರ ಹತ್ತಿರ 42 ವರ್ಷ ಹಾಸಿಗೆಯಲ್ಲಿ.

2018ರ ಮಾರ್ಚ್ 9ಕ್ಕೆ ಐದು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯೋದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಒಳಗೇ ಬರುತ್ತೆ ಅಂತು. ಬುದ್ಧಿ ನೆಟ್ಟಗಿರುವಾಗಲೇ ಜೀವಂತ ಉಯಿಲು, ಅಂದ್ರೆ ಮುಂದೆ ಮಾತು ನಿಂತಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅನ್ನೋ ಕಾಗದ, ಬರೆದಿಡಬಹುದು ಅಂತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಯಂತ್ರ ನಿಲ್ಲಿಸೋ ಮೊದಲು ಡಾಕ್ಟರುಗಳ ಎರಡು ಮಂಡಳಿ ನೋಡಿ ಒಪ್ಪಬೇಕು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿದೆ. ಅಂದ್ರೆ ಅಣ್ಣ ಒಬ್ಬರೇ ಹೊತ್ತ ಭಾರವನ್ನ ಹೊರೋಕೆ ಬೇರೆ ಹೆಗಲುಗಳೂ ಇವೆ.

"ಹಾಗಾದ್ರೆ ಇಂಜೆಕ್ಷನ್ ಕೊಟ್ಟು ಕಳಿಸೋದಕ್ಕೂ ನೀನು ಸೈ ಅನ್ನು" ಅಂತೀರಿ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಅದು ಕಾನೂನು. ನಾನು ಸದ್ಯಕ್ಕೆ ಸೈ ಅನ್ನಲ್ಲ. ಧರ್ಮದ ಕಾರಣಕ್ಕಲ್ಲ. ನಮ್ಮೂರ ತೋಟದ ಮನೆಗಳನ್ನ ನೋಡಿ: ಮಕ್ಕಳು ಬೆಂಗಳೂರಲ್ಲಿ, ಇಲ್ಲಾ ವಿದೇಶದಲ್ಲಿ, ಅಷ್ಟು ದೊಡ್ಡ ಮನೆಗೆ ಒಂದು ಮುದಿ ಜೀವ, ಒಂದು ನಾಯಿ, ಜಡಿಮಳೆಯಲ್ಲಿ ಕರೆಂಟೂ ಇಲ್ಲ. "ಕೈಕಾಲು ಗಟ್ಟಿ ಇರುವಾಗಲೇ ಕರ್ಕೊಂಡುಬಿಡಪ್ಪ, ಯಾರಿಗೂ ಭಾರ ಆಗೋದು ಬೇಡ" ಅಂತ ದಿನಾ ಬೇಡ್ಕೊಳ್ತಾರೆ. ಅದು ಸಾಯೋ ಆಸೆಯಾ, ಮಾತಾಡಿಸೋರಿಲ್ಲ ಅನ್ನೋ ಸಂಕಟವಾ? ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತೆ. (ಕೇಳ್ತಿರೋ ಯಾರಿಗಾದ್ರೂ ಬದುಕು ಸಾಕು ಅನ್ನಿಸ್ತಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.)

ಇನ್ನು ನೋವು. ಕ್ಯಾನ್ಸರ್ ಮೂಳೆಗೆ ಇಳಿದವರು ರಾತ್ರಿಯೆಲ್ಲಾ ಕೂಗೋದು ನಾಲ್ಕು ತೋಟದಾಚೆಗೂ ಕೇಳಿಸುತ್ತೆ. "ನನ್ನ ಕೊಂದುಬಿಡಿ" ಅಂತ ಅವರು ಕೂಗಿದ್ರೆ, ಅದಕ್ಕೆ ಮೊದಲ ಉತ್ತರ ನೋವು ತಗ್ಗಿಸೋ ಮಾರ್ಫಿನ್. ದುಬಾರಿ ಔಷಧಿ ಏನಲ್ಲ. 1985ರ ಮಾದಕವಸ್ತು ಕಾಯ್ದೆಯ ಲೈಸೆನ್ಸ್ ಗೋಜಲಿಗೆ ಆಸ್ಪತ್ರೆಗಳು ಅದರ ತಂಟೆಗೇ ಹೋಗ್ತಿರಲಿಲ್ಲ. 2014ರಲ್ಲಿ ತಿದ್ದುಪಡಿ ಮಾಡಿ ಸಡಿಲಿಸಿದ್ರು. ಮಾಕುಟ್ಟ ಇಳಿದ್ರೆ ಕಣ್ಣೂರು, ಕುಟ್ಟ ದಾಟಿದ್ರೆ ವಯನಾಡು. ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದ್ರೆ ಗುಣ ಆಗದ ರೋಗಿಯ ನೋವು ತಗ್ಗಿಸೋ ಆರೈಕೆಗೆ, ನೀತಿ ಮಾಡಿತು, ಅಲ್ಲಿ ಪಂಚಾಯ್ತಿ ಕಡೆಯಿಂದ ನರ್ಸ್ ಮನೆಗೇ ಬರ್ತಾರೆ. ನಮ್ಮ ಹೋಬಳಿಯಲ್ಲಿ ಅಂಥವರು ಮನೆ ಬಾಗಿಲಿಗೆ ಬಂದಿದ್ದನ್ನ ನಾನು ಕಂಡಿಲ್ಲ. ಗಡಿ ದಾಟಿ ಬರೋ ಮೀನಿನ ಲಾರಿಗೆ ಇರೋ ದಾರಿ ಈ ಬುದ್ಧಿಗೆ ಯಾಕಿಲ್ಲ?

ಲೈನ್ ಮನೆಯವರ, ಅಂದ್ರೆ ತೋಟದ ಕೂಲಿಯವರ, ಕಥೆ ಬೇರೆ. ಅವರಿಗೆ ಐಸಿಯುನ ಮೂರನೇ ದಿನಕ್ಕೇ ದುಡ್ಡು ಮುಗಿದಿರುತ್ತೆ. ಅವರೂ ಅದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರ್ತಾರೆ. ಅದನ್ನ ಹಕ್ಕು ಅಂತ ಕರೆಯೋಕೆ ನನಗೆ ನಾಲಿಗೆ ಬರಲ್ಲ.

ನಾನು ನನ್ನ ಉಯಿಲು ಬರೆದಿದ್ದೀನಿ. ಅಮ್ಮನಿಗೆ ಓದಿ ಹೇಳ್ದೆ, ಬೈತಾರೆ ಅಂದ್ಕೊಂಡಿದ್ದೆ. ಕನ್ನಡಕ ಹಾಕ್ಕೊಂಡು, "ನಂದೂ ಬರಿ. ಮಳೆಗಾಲದಲ್ಲಿ ಮೈಸೂರಿಗೆ ಹೊತ್ಕೊಂಡು ಹೋಗಬಾರದು ಅಂತ ಮೊದಲೇ ಹಾಕು" ಅಂದ್ರು. ಹಾಕಿದ್ದೀನಿ. ನನಗೆ ಮಾತು ನಿಂತಾಗ ನನ್ನ ಪರ ತೀರ್ಮಾನ ಹೇಳೋರು ಅನ್ನೋ ಕಡೆ ಅಣ್ಣನ ಹೆಸರು ಬರೆದು, ಕಾಗದ ತಗೊಂಡು ಅವರ ಮನೆಗೆ ಹೋದೆ. ಎರಡು ಸಲ ಓದಿದ್ರು. ಮಡಚಿ ಜೇಬಲ್ಲಿ ಇಟ್ಕೊಂಡ್ರು.

"ಕಾಫಿ ಕುಯ್ಲು ಮುಗೀಲಿ, ಹೇಳ್ತೀನಿ" ಅಂದಿದ್ದಾರೆ.