ಸೇವ್ ಆಯಿತೇ?

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ನನ್ನ ಹಳೆಯ ಪೋಕೆಮಾನ್ ಸಿಲ್ವರ್ ಕಾರ್ಟ್ರಿಜ್, ಅಂದರೆ ಗೇಮ್ ಬಾಯ್ ಯಂತ್ರಕ್ಕೆ ಸಿಕ್ಕಿಸುವ ಆಟದ ಪುಟ್ಟ ಡಬ್ಬಿ. 1999ರಲ್ಲಿ ಜಪಾನಿನಲ್ಲಿ ಮೊದಲು ಬಿಡುಗಡೆಯಾದ ಆಟವಿದು. ಸ್ವಿಚ್ ಒತ್ತಿದರೆ ಇಂದಿಗೂ ಚಾಲೂ ಆಗುತ್ತದೆ, ಸಂಗೀತವೂ ಸೊಗಸಾಗಿಯೇ ಕೇಳಿಸುತ್ತದೆ. ಆದರೆ ಮೆನುವಿನ ಮೊದಲ ಸಾಲಿನಲ್ಲಿ ಇರಬೇಕಾದ ‘ಕಂಟಿನ್ಯೂ’ ಕಾಣೆಯಾಗಿ, ‘ನ್ಯೂ ಗೇಮ್’ ಅದರ ಜಾಗಕ್ಕೆ ಬಂದು ಕುಳಿತಿದೆ. ತೊಂಬತ್ತಕ್ಕೂ ಹೆಚ್ಚು ಗಂಟೆ ಆಡಿ ನಾನು ಕೂಡಿಟ್ಟದ್ದೆಲ್ಲ ಹೇಳದೆ ಕೇಳದೆ ಹೋಗಿದೆ.

ಇದರಲ್ಲಿ ಆಟದ ತಪ್ಪೇನೂ ಇಲ್ಲ. ಕಾರ್ಟ್ರಿಜ್‌ನೊಳಗೆ ಸೇವ್ ಉಳಿಯುವ ಎಸ್‌ರ‍್ಯಾಮ್ ಚಿಪ್ ಕರೆಂಟ್ ಹೋದ ಕೂಡಲೇ ಎಲ್ಲವನ್ನೂ ಮರೆಯುವ ಜಾತಿಯದು. ಆದ್ದರಿಂದ ಕಾರ್ಟ್ರಿಜ್ ಡ್ರಾಯರ್‌ನಲ್ಲಿ ಸುಮ್ಮನೆ ಬಿದ್ದಿರುವಾಗಲೂ ಒಂದು ಪುಟ್ಟ ಬಟನ್ ಸೆಲ್ ಅದಕ್ಕೆ ಹನಿಹನಿಯಾಗಿ ವಿದ್ಯುತ್ ಉಣಿಸುತ್ತಿರಬೇಕು. ಸಿಲ್ವರ್‌ನಲ್ಲಿ ಹಗಲು ರಾತ್ರಿಗಳನ್ನು ಲೆಕ್ಕವಿಡುವ ಗಡಿಯಾರವೂ ಇದೇ ಸೆಲ್‌ನ ಮೇಲೆ ನಡೆಯುವುದರಿಂದ, ಗಡಿಯಾರವಿಲ್ಲದ ಅದರ ಹಿಂದಿನ ಆಟಗಳಿಗಿಂತ ಇದರ ಸೆಲ್ ಬೇಗನೆ ಖಾಲಿಯಾಗುತ್ತದೆ.

ಆಟಗಳಲ್ಲಿ ಗ್ರಾಫಿಕ್ಸ್, ಕಥೆ, ಫ್ರೇಮ್ ರೇಟ್ ಇವುಗಳ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ. ನನಗೆ ಮಾತ್ರ ಒಂದು ಆಟ ಎಷ್ಟು ಸಭ್ಯವಾದದ್ದು ಎಂಬುದು ಅದು ಸೇವ್ ಮಾಡುವ ರೀತಿಯಲ್ಲಿ ಗೊತ್ತಾಗುತ್ತದೆ.

1985ರ ಸೂಪರ್ ಮಾರಿಯೋ ಬ್ರದರ್ಸ್‌ಗೆ ಈ ಯೋಚನೆಯೇ ಇರಲಿಲ್ಲ. ಪವರ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಓಡಬೇಕು. ಮುಂದೆ 1988ರ ಮೆಗಾ ಮ್ಯಾನ್ 2 ಪಾಸ್‌ವರ್ಡ್ ಕೊಟ್ಟಿತು: ಐದು ಸಾಲು, ಐದು ಕಂಬಗಳ ಚೌಕದಲ್ಲಿ ಒಂಬತ್ತು ಚುಕ್ಕಿಗಳು. ಯಾವ ಯಾವ ಶತ್ರುವನ್ನು ಸೋಲಿಸಿದ್ದೀರಿ ಎಂಬುದು ಆ ಚುಕ್ಕಿಗಳ ಜಾಗದಲ್ಲೇ ಅಡಗಿರುವುದರಿಂದ, ನೆನಪಿಡುವ ಕೆಲಸ ಆಟದ್ದಲ್ಲ, ನಮ್ಮ ನೋಟ್‌ಬುಕ್‌ನ ಕೊನೆಯ ಹಾಳೆಯದು. ನಾನು ಒಮ್ಮೆ ಆತುರದಲ್ಲಿ ಒಂದು ಚುಕ್ಕಿಯನ್ನು ಪಕ್ಕದ ಮನೆಗೆ ಹಾಕಿ, ಮರುದಿನ ‘ತಪ್ಪು ಪಾಸ್‌ವರ್ಡ್’ ಎಂಬ ಸಾಲನ್ನು ದಿಟ್ಟಿಸುತ್ತ ಕುಳಿತಿದ್ದೆ.

1987ರಲ್ಲಿ ಅಮೆರಿಕದಲ್ಲಿ ಬಂದ ಲೆಜೆಂಡ್ ಆಫ್ ಜೆಲ್ಡಾದ ಚಿನ್ನದ ಬಣ್ಣದ ಕಾರ್ಟ್ರಿಜ್ ಆ ಹೊತ್ತಿಗಾಗಲೇ ತನ್ನೊಳಗೆ ಬ್ಯಾಟರಿ ಇಟ್ಟುಕೊಂಡಿತ್ತು. ಆದರೆ ಅದಕ್ಕೂ ಒಂದು ಮಡಿ ಇತ್ತು: ಪವರ್ ಆಫ್ ಮಾಡುವಾಗ ರಿಸೆಟ್ ಬಟನ್ ಅನ್ನು ಒತ್ತಿ ಹಿಡಿದಿರಬೇಕು. ವೋಲ್ಟೇಜ್ ಇಳಿಯುವ ಆ ಕ್ಷಣದಲ್ಲಿ ಪ್ರೊಸೆಸರ್ ದಾರಿ ತಪ್ಪಿ ಸೇವ್ ಇರುವ ಜಾಗದಲ್ಲಿ ಏನಾದರೂ ಗೀಚಿಬಿಡಬಾರದೆಂಬ ಎಚ್ಚರಿಕೆ ಅದು. ಪ್ಲೇಸ್ಟೇಷನ್ ಬಂದಾಗ ನೆನಪು ಆಟದಿಂದ ಹೊರಬಂದು ಮೆಮೊರಿ ಕಾರ್ಡ್ ಸೇರಿತು. ಇದ್ದದ್ದು 128 ಕಿಲೋಬೈಟ್, ಬಳಕೆಗೆ 15 ಬ್ಲಾಕ್. ಹೊಸ ಆಟ ಬಂದಾಗಲೆಲ್ಲ ಯಾವ ಹಳೆಯದನ್ನು ಅಳಿಸುವುದೆಂಬ ಸಂಕಟ. 1998ರ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ಸೈಕೋ ಮ್ಯಾಂಟಿಸ್ ಎಂಬ ಖಳ ಅದೇ ಕಾರ್ಡ್‌ನೊಳಗೆ ಇಣುಕಿ, ಆ ಆಟದ ಕಂಪನಿ ಕೊನಾಮಿಯ ಬೇರೆ ಯಾವ ಆಟಗಳನ್ನು ನೀವು ಆಡಿದ್ದೀರಿ ಎಂದು ನಿಮ್ಮ ಮುಖಕ್ಕೇ ಹೇಳುತ್ತಾನೆ. ನಮ್ಮ ಗುಟ್ಟು ಇಷ್ಟು ಚೆನ್ನಾಗಿ ರಟ್ಟಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೇವ್ ಮಾಡಲು ಬಿಗಿ ಹಿಡಿಯುವ ಆಟಗಳೂ ಇವೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಸಿಗಬೇಕು, ಜೊತೆಗೆ ಶಾಯಿಯ ರಿಬ್ಬನ್ ಕೈಯಲ್ಲಿರಬೇಕು. ರಿಬ್ಬನ್ ಮುಗಿಯುತ್ತ ಬಂದ ಹಾಗೆ ಭಯ ಏರುತ್ತದೆ. ಆ ಭಯವನ್ನು ನಾನು ಮೆಚ್ಚುತ್ತೇನೆ, ಆದರೆ ಪಕ್ಕದ ಕೋಣೆಯಲ್ಲಿ ಮಗು ಅತ್ತಾಗ ಆಟವನ್ನು ಆಫ್ ಮಾಡಿ ಎದ್ದು ಹೋಗಬೇಕಾದವರ ಕಷ್ಟ ಅದಕ್ಕೆ ತಿಳಿಯದು. ಈ ವಿಷಯದಲ್ಲಿ ನನ್ನ ಮತ 2011ರ ಡಾರ್ಕ್ ಸೋಲ್ಸ್‌ಗೆ. ಅದು ನಮ್ಮ ಪ್ರತಿಯೊಂದು ಹೆಜ್ಜೆಯನ್ನೂ ತಾನಾಗಿಯೇ ಬರೆದಿಡುತ್ತ ಹೋಗುವುದರಿಂದ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಆದರೆ ಮಾಡಿದ ತಪ್ಪನ್ನು ಹಿಂದಿನ ಸೇವ್ ತೆರೆದು ಅಳಿಸಿಹಾಕಲಾಗದು. ಕಷ್ಟದ ಆಟವೆಂದು ಹೆಸರಾದ ಅದು ನಮ್ಮ ಸಮಯವನ್ನು ಗೌರವಿಸುವಷ್ಟು ಎಷ್ಟೋ ಸುಲಭದ ಆಟಗಳು ಗೌರವಿಸುವುದಿಲ್ಲ.

ಇಷ್ಟೆಲ್ಲ ಪಳಗಿದ ಮೇಲೆ ದಿನನಿತ್ಯದ ತಂತ್ರಜ್ಞಾನದ ಕಡೆ ತಿರುಗಿದರೆ ನನಗೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ಹನ್ನೊಂದು ಪುಟಗಳ ಆನ್‌ಲೈನ್ ಅರ್ಜಿಯೊಂದನ್ನು ತುಂಬುತ್ತ, ಒಂಬತ್ತನೆಯ ಪುಟದಲ್ಲಿ ಕೇಳಿದ ಕಾಗದವನ್ನು ಸ್ಕ್ಯಾನ್ ಮಾಡಲು ಎದ್ದು ಹೋಗಿ ಬರುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂಬ ಸಂದೇಶ ನನ್ನನ್ನು ಕಾಯುತ್ತಿತ್ತು. ಮತ್ತೆ ಲಾಗಿನ್ ಆದರೆ ಒಂದನೆಯ ಪುಟ, ಖಾಲಿ ಹೆಸರು, ಖಾಲಿ ವಿಳಾಸ. ಸುರಕ್ಷತೆಗಾಗಿ ಲಾಗೌಟ್ ಮಾಡುವುದನ್ನು ಒಪ್ಪುತ್ತೇನೆ. ಆದರೆ ಬಾಗಿಲು ಹಾಕುವವರು ಒಳಗಿದ್ದ ಸಾಮಾನನ್ನೂ ಸುಟ್ಟುಹಾಕಬೇಕೇ? ಬರೆದದ್ದನ್ನು ಸರ್ವರ್‌ನಲ್ಲಿ ಕರಡಾಗಿ ಇಟ್ಟುಕೊಂಡು, ಮರಳಿ ಬಂದವರಿಗೆ ಒಂಬತ್ತನೆಯ ಪುಟವನ್ನೇ ತೆರೆದು ಕೊಡಬಹುದಿತ್ತು. ಅಂತಹ ಅರ್ಜಿಯ ಅಕ್ಷರಗಳೆಲ್ಲ ಸೇರಿದರೂ ಕೆಲವೇ ಕಿಲೋಬೈಟ್. ಆ ಹಳೆಯ ಮೆಮೊರಿ ಕಾರ್ಡ್‌ನ ಒಂದೆರಡು ಬ್ಲಾಕ್ ಸಾಕಾಗುತ್ತಿತ್ತು.

ಫೋನಿನದೂ ಇದೇ ಪಾಡು. ರ‍್ಯಾಮ್ ಸಾಲದಾದಾಗ ಹಿನ್ನೆಲೆಯಲ್ಲಿರುವ ಆ್ಯಪ್ ಅನ್ನು ಆಪರೇಟಿಂಗ್ ಸಿಸ್ಟಮ್ ಮುಚ್ಚಿಬಿಡುವುದು ಸಹಜ, ಮುಚ್ಚುವ ಮೊದಲು ಇದ್ದ ಸ್ಥಿತಿಯನ್ನು ಉಳಿಸಿಕೊಳ್ಳಲು ಆ್ಯಪ್‌ಗೆ ಅವಕಾಶವೂ ಇದೆ. ಆದರೂ ಒಂದು ಕರೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಬರೆದ ಸಂದೇಶವನ್ನು ಮರೆತು ಮುಖಪುಟ ತೋರಿಸುವ ಆ್ಯಪ್‌ಗಳಿಗೆ ಬರವಿಲ್ಲ. ಓದುತ್ತಿದ್ದ ಪುಟವನ್ನು ವಾರಗಳ ನಂತರವೂ ಮರೆಯದ ನನ್ನ ಇ-ರೀಡರ್ ಈ ಮನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಯಂತ್ರ.

ಇನ್ನು ಸಿಲ್ವರ್‌ಗೆ ಬರೋಣ. ಕಾರ್ಟ್ರಿಜ್‌ನ ಹಿಂಬದಿಯ ವಿಚಿತ್ರ ತಿರುಪನ್ನು ಬಿಚ್ಚಲು 3.8 ಮಿಲಿಮೀಟರ್‌ನ ವಿಶೇಷ ಸ್ಕ್ರೂಡ್ರೈವರ್ ಬಿಟ್ ಬೇಕು. ಹಳೆಯ ಸೆಲ್‌ನ ಲೋಹದ ಕಾಲುಗಳನ್ನು ಸೋಲ್ಡರಿಂಗ್ ಐರನ್‌ನಿಂದ ಕಾಯಿಸಿ ಮೆಲ್ಲಗೆ ಎತ್ತಿದೆ. ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಮೂರು ಸಲ ನೋಡಿಕೊಂಡು ಹೊಸದನ್ನು ಬೆಸೆದೆ. ಕೈ ಸ್ವಲ್ಪ ನಡುಗಿದ್ದು ವಿಡಿಯೋದಲ್ಲಿ ಕಾಣುತ್ತದೆ, ಅದನ್ನು ಕತ್ತರಿಸಲಿಲ್ಲ.

ಆಟ ನನ್ನನ್ನು ಗಂಟೆ ಎಷ್ಟೆಂದು ಕೇಳಿತು, ಹೇಳಿದೆ. ಹೆಸರು ಕೇಳಿತು, ಕೊಟ್ಟೆ. ಸೇವ್ ಮಾಡಿ, ಪವರ್ ಆಫ್ ಮಾಡಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ಇಂದು ಬೆಳಿಗ್ಗೆ ಮತ್ತೆ ಸ್ವಿಚ್ ಒತ್ತಿದೆ. ಮೊದಲ ಸಾಲಿನಲ್ಲಿ ‘ಕಂಟಿನ್ಯೂ’. ಅದರ ಕೆಳಗೆ ನನ್ನ ಹೆಸರು, ಆಡಿದ ಸಮಯ 0:04.