ಸಿಕ್ಕಾಯಿತೆಂದು ಕತ್ತರಿ ಹಿಡಿಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆಗೋ ಹುತ್ತರಿಗೋ ಅಂತ ಆಸೆಪಟ್ಟು ಚೌರಿ ತರುತ್ತೇವೆ. ಈಗಿನ ಹುಡುಗಿಯರು ಹೇರ್ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಕೆಲವೇ ತಿಂಗಳಲ್ಲಿ ಅದು ಗಂಟುಗಂಟಾಗಿ ಮೂಲೆ ಸೇರುತ್ತದೆ. "ಹಾಳಾಯ್ತು ಅಕ್ಕಾ, ಬಿಸಾಕ್ತೀನಿ" ಅಂತ ನಮ್ಮ ಪಾರ್ಲರಿಗೆ ತಂದು ತೋರಿಸುವವರು ತುಂಬಾ ಜನ. ಹೆಚ್ಚಿನ ಸಲ ಅದು ಹಾಳಾಗಿರುವುದಿಲ್ಲ. ಒಣಗಿರುತ್ತದೆ, ಸಿಕ್ಕಾಗಿರುತ್ತದೆ, ಅಷ್ಟೇ. ದುಡ್ಡು ಕೊಟ್ಟು ತಂದದ್ದನ್ನು ಸುಮ್ನೆ ಎಸೆಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ನಮ್ಮ ಕೂದಲಿಗೆ ನೆತ್ತಿಯಿಂದ ದಿನವೂ ಜಿಡ್ಡು ಸಿಗುತ್ತದೆ. ಚೌರಿಗೆ ಅದು ಸಿಗುವುದಿಲ್ಲ. ಹಾಗಾಗಿ ಬೇಗ ಒರಟಾಗುತ್ತದೆ. ಇನ್ನೊಂದು ಕಾರಣವೂ ಇದೆ. ಪ್ರತಿ ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿರುತ್ತವೆ. ಮಂಗಳೂರು ಹೆಂಚು ಹೊದಿಸಿದ ಹಾಗೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಎಲ್ಲ ಕೂದಲೂ ಒಂದೇ ದಿಕ್ಕಿಗಿದ್ದರೆ ಜಾರುತ್ತದೆ. ಕೆಲವು ತಲೆಕೆಳಗಾಗಿದ್ದರೆ ಒಂದರ ಪದರ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ.

ಮುಡಿ ಕೊಟ್ಟ ಕೂದಲನ್ನು ಬುಡ ತುದಿ ನೋಡಿ ಕಟ್ಟಿಡಬಹುದು. ಹಾಗೆ ಒಂದೇ ದಿಕ್ಕಿಗೆ ಜೋಡಿಸಿದ್ದಕ್ಕೆ ಅಂಗಡಿಯಲ್ಲಿ ರೆಮಿ ಅನ್ನುತ್ತಾರೆ. ಆದರೆ ಬಾಚುವಾಗ ಉದುರಿದ ಕೂದಲನ್ನು ಬೀದಿಯಲ್ಲಿ ಪಾತ್ರೆಗೋ ಪಿನ್ನಿಗೋ ಕೊಡುತ್ತೇವಲ್ಲ, ಅದರಲ್ಲಿ ಎಲ್ಲ ದಿಕ್ಕೂ ಕಲಸಿರುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲು ಬಿಡಿಸಿ ವಿಂಗಡಿಸುವುದೇ ಎಷ್ಟೋ ಮನೆಗಳ ಹೊಟ್ಟೆಪಾಡು. ಅಗ್ಗದ ಮಾಲಿನಲ್ಲಿ ಆ ಪದರವನ್ನು ಆಸಿಡ್‌ನಲ್ಲಿ ತೆಗೆದು, ಮೇಲೆ ಸಿಲಿಕೋನ್ ಹಚ್ಚಿರುತ್ತಾರೆ. ಅಂಗಡಿಯಲ್ಲಿ ಮಿರಮಿರ ಮಿಂಚುತ್ತದೆ. ಒಂದಷ್ಟು ಸಲ ತೊಳೆದಾಗ ಆ ಹೊಳಪು ಹೋಗಿ ಸಿಕ್ಕು ಶುರುವಾಗುತ್ತದೆ. ಅದು ನಿಮ್ಮ ತಪ್ಪಲ್ಲ.

ಅಸಲಿ ಕೂದಲೋ ನೈಲಾನೋ ಅಂತ ಅನುಮಾನವಿದ್ದರೆ ಒಂದೇ ಒಂದು ಎಳೆ ಸುಟ್ಟು ನೋಡಿ. ಅಸಲಿ ಬೂದಿಯಾಗಿ ಪುಡಿಯಾಗುತ್ತದೆ. ನಕಲಿ ಕರಗಿ ಗಟ್ಟಿ ಮಣಿಯಾಗುತ್ತದೆ. ನಕಲಿಯಾದರೆ ಬಿಸಿನೀರು ಬೇಡ, ಇಸ್ತ್ರಿ ಬೇಡ, ತಣ್ಣೀರೇ ಸರಿ.

ಇನ್ನು ನಮ್ಮ ಕೊಡಗಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚೌರಿ ಎಲ್ಲಿ ಒಣಗಬೇಕು? ಅರೆಹಸಿ ಕೂದಲನ್ನು ಕಟ್ಟಿಟ್ಟರೆ ವಾಸನೆ ಬರುತ್ತದೆ, ಗಂಟೂ ಆಗುತ್ತದೆ. ಬಟ್ಟೆ ಹರವಿದ ಹಾಗೆ ಒಲೆಯ ಮೇಲೆ ಹರವಲೇಬೇಡಿ. ಹೊಗೆ ಹಿಡಿಯುತ್ತದೆ, ನೈಲಾನ್ ಆದರೆ ಮುರುಟಿಹೋಗುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಆಮೇಲೆ ಫ್ಯಾನ್ ಕೆಳಗೆ ನೇತುಹಾಕಿ. ಮಳೆಗಾಲದಲ್ಲಿ ಪದೇ ಪದೇ ತೊಳೆಯದಿದ್ದರೆ ಇನ್ನೂ ಒಳ್ಳೆಯದು.

ಸ್ವೆಟರ್ ವಿಷಯ ಯಾರೂ ಯೋಚನೆ ಮಾಡುವುದಿಲ್ಲ. ಮಡಿಕೇರಿಯ ಚಳಿಗೆ ಬೆಳಗ್ಗೆಯಿಂದ ರಾತ್ರಿವರೆಗೆ ಉಣ್ಣೆಯ ಕಾಲರ್ ಕತ್ತಿನ ಹಿಂದೆ ಉಜ್ಜುತ್ತಲೇ ಇರುತ್ತದೆ. ಸಿಕ್ಕು ಮೊದಲು ಹುಟ್ಟುವುದೂ ಅಲ್ಲೇ. ಸ್ವೆಟರ್ ಹಾಕುವ ದಿನ ಜಡೆ ಹೆಣೆದುಬಿಡಿ, ಇಲ್ಲವೇ ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಕತ್ತಿಗೆ ಸುತ್ತಿಕೊಳ್ಳಿ. ಅದೇ ತುಂಡು ರಾತ್ರಿ ದಿಂಬಿಗೂ ಆಗುತ್ತದೆ. ಒದ್ದೆ ತಲೆಯಲ್ಲಿ ಮಾತ್ರ ಮಲಗಬೇಡಿ.

ಈಗ ಸಿಕ್ಕು ಬಿಡಿಸುವ ಕೆಲಸ. ಇದಕ್ಕೆ ಸಮಯ ಬೇಕು, ಅವಸರವಿದ್ದರೆ ನಾಳೆ ಮಾಡಿ. ಕೂದಲು ಒಣಗಿರಲಿ. ಕ್ಲಿಪ್ಪಿನದ್ದಾದರೆ ತೆಗೆದು, ಬುಡವನ್ನು ಮೇಜಿಗೆ ಒತ್ತಿ ಹಿಡಿಯಿರಿ. ಬೆರಳಿನಷ್ಟು ದಪ್ಪದ ಒಂದೊಂದು ಎಳೆ ಬೇರೆ ಮಾಡಿ. ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಯಲ್ಲಿ ಉಜ್ಜಿ ಗಂಟಿಗೆ ಸವರಿ. ಗಂಟಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದು, ಮೊದಲು ಬೆರಳಿನಲ್ಲಿ ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ಬಾಚುವುದು ತುದಿಯಿಂದ ಶುರುವಾಗಬೇಕು, ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ನೆತ್ತಿಯಿಂದ ಒಂದೇ ಸಲ ಎಳೆದರೆ ಹತ್ತು ಸಣ್ಣ ಗಂಟು ಕೆಳಗೆ ಸೇರಿ ಒಂದು ದೊಡ್ಡ ಗಂಟಾಗುತ್ತದೆ. ಉಂಡೆ ಕಟ್ಟಿದ್ದರೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಪಿನ್ನಿನ ತುದಿಯಿಂದ ಒಂದೊಂದೇ ಎಳೆ ಸಡಿಲಿಸಿ.

ಮದುವೆ ಮನೆಯಿಂದ ಬಂದ ರಾತ್ರಿ ತುಂಬಾ ಕೂದಲು ಹಾಳಾಗುತ್ತದೆ. ತುರುಬಿಗೆ ಸ್ಪ್ರೇ ಹೊಡೆದು, ಉಲ್ಟಾ ಬಾಚಿ ಉಬ್ಬಿಸಿರುತ್ತಾರೆ. ಸುಸ್ತಾಗಿರುತ್ತದೆ, ಹಾಗೇ ತಲೆಗೆ ನೀರು ಹಾಕುತ್ತೇವೆ, ಅಲ್ವಾ? ಹಾಗೆ ಮಾಡಬೇಡಿ. ಮೊದಲು ಹೂವು ಪಿನ್ನು ಎಲ್ಲ ತೆಗೆಯಿರಿ. ಕಂಡೀಷನರ್ ಹಚ್ಚಿ ಸಿಕ್ಕು ಬಿಡಿಸಿ. ಸ್ನಾನ ಆಮೇಲೆ. ತೊಳೆಯುವಾಗಲೂ ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕದೆ, ನೀರು ಮೇಲಿಂದ ಕೆಳಗೆ ಇಳಿಯಲಿ.

ಟೇಪ್ ಅಥವಾ ಅಂಟಿನ ಎಕ್ಸ್‌ಟೆನ್ಷನ್ ಹಾಕಿಸಿಕೊಂಡವರು ಇದನ್ನು ಗಮನವಿಟ್ಟು ಕೇಳಿ. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅಂಟಿನೊಳಗೆ ಸಿಕ್ಕ ಕೂದಲು ಉದುರಿದರೂ ಕೆಳಗೆ ಬೀಳುವುದಿಲ್ಲ, ಅಲ್ಲೇ ಸುತ್ತಿಕೊಳ್ಳುತ್ತದೆ. ದಿನಾ ಬೆರಳು ಹಾಕಿ ಒಂದಕ್ಕೊಂದು ಅಂಟದಂತೆ ಬಿಡಿಸಬೇಕು. ಬುಡಕ್ಕೆ ಎಣ್ಣೆ, ಕಂಡೀಷನರ್ ತಾಗಿಸಬೇಡಿ, ಅಂಟು ಜಾರುತ್ತದೆ. ಟೇಪನ್ನು 6ರಿಂದ 8 ವಾರದೊಳಗೆ ತೆಗೆಸಿ ಮತ್ತೆ ಹಾಕಿಸಿ. ಖರ್ಚಾಗುತ್ತದೆ ಅಂತ ಮುಂದಕ್ಕೆ ಹಾಕಿದರೆ ಬುಡದಲ್ಲಿ ಗಂಟು ಬಿಗಿದು, ನಿಮ್ಮದೇ ಕೂದಲು ಕಿತ್ತು ಬರುತ್ತದೆ. ಬುಡದಲ್ಲಿ ಹಾಗೆ ಬಿಗಿದುಕೊಂಡಿದ್ದರೆ ಮನೆಯಲ್ಲಿ ಎಳೆದಾಡಬೇಡಿ, ಹಾಕಿದವರ ಹತ್ತಿರವೇ ಹೋಗಿ ಬಿಡಿಸಿಕೊಳ್ಳಿ.

ನಮಸ್ಕಾರ.